ಜೂಜಿನ ತೆರಿಗೆ: ಬೇಲಿಯಾಗಲಿ, ಬೆಳೆಯಾಗದಿರಲಿ

ಜೂಜು ನಡೆಸುವವರಿಂದ ಸರಕಾರ ತೆರಿಗೆ ಪಡೆಯುವುದು ಸರಿಯೇ? ಆ ಹಣ ಕೊನೆಗೆ ಯಾರ ಜೇಬಿನದು? ಚನ್ನಗಿರಿಯ ಅಡಿಕೆ ಸೀಮೆಯಲ್ಲಿ, ಹೊನ್ನಾಳಿ-ನ್ಯಾಮತಿಗಳ ಸಂತೆಬೀದಿಗಳಲ್ಲಿ, ಜಗಳೂರಿನ ಮಳೆಯಾಶ್ರಿತ ಹೊಲಗಳ ನಡುವೆ ಬಾಳುವ ನಮಗೆ ಈ ಪ್ರಶ್ನೆ ದೂರದ್ದಲ್ಲ. ದಿನಗೂಲಿ ಮನೆ ಸೇರುವ ಮೊದಲೇ ಲಾಟರಿ ಚೀಟಿಯ ಪಾಲಾಗುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಕಂಡಿದ್ದಾರೆ.

ಹೊರರಾಜ್ಯಗಳ ಲಾಟರಿಗಳು ಇಲ್ಲಿ ಬಿಕರಿಯಾಗುತ್ತಿದ್ದಾಗ, ಕರ್ನಾಟಕವು 2004ರಲ್ಲಿ ಲಾಟರಿಗಳ ಮೇಲಿನ ತೆರಿಗೆ ಕಾಯ್ದೆಯನ್ನು ತಂದಿತು. ಮೇಘಾಲಯವೇ ಮೊದಲಾದ ರಾಜ್ಯಗಳು ಅದನ್ನು ಪ್ರಶ್ನಿಸಿದವು; ಉಚ್ಚ ನ್ಯಾಯಾಲಯವು ಕಾಯ್ದೆಯನ್ನು ಅಸಿಂಧುವೆಂದು ಸಾರಿತು. 2022ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿ, ಲಾಟರಿಯೂ ಜೂಜೇ, ಅದರ ಮೇಲೆ ತೆರಿಗೆ ವಿಧಿಸುವ ಅಧಿಕಾರ ರಾಜ್ಯಕ್ಕಿತ್ತು ಎಂದು ತೀರ್ಮಾನಿಸಿತು. ಆದರೆ ಅಷ್ಟರಲ್ಲಾಗಲೇ, 2007ರಲ್ಲಿ, ಕರ್ನಾಟಕವು ತನ್ನದನ್ನೂ ಸೇರಿಸಿ ಎಲ್ಲ ಲಾಟರಿಗಳ ಮಾರಾಟವನ್ನು ನಿಷೇಧಿಸಿತ್ತು. ಆದಾಯವನ್ನು ತೊರೆದು ಬಡವರ ಅಡುಗೆಮನೆಯನ್ನು ಕಾಯ್ದ ಆ ನಿರ್ಧಾರ ನಮ್ಮ ದೃಷ್ಟಿಯಲ್ಲಿ ನ್ಯಾಯಾಲಯದ ಗೆಲುವಿಗಿಂತ ದೊಡ್ಡದು.

ತೆರಿಗೆಯ ಲೆಕ್ಕವನ್ನೂ ಅರಿಯುವುದು ಒಳಿತು. ಒಬ್ಬನು 100 ರೂಪಾಯಿ ಪಣವಿಟ್ಟು, ಅದರಲ್ಲಿ ಆಟ ನಡೆಸುವವನ ಕಮಿಷನ್ 10 ರೂಪಾಯಿ ಎಂದಿಟ್ಟುಕೊಳ್ಳೋಣ. ಕಮಿಷನ್ನಿನ ಮೇಲೆ ಮಾತ್ರ ಶೇ. 18ರಂತೆ ತೆರಿಗೆ ಹಾಕಿದರೆ ಸಿಗುವುದು 1 ರೂಪಾಯಿ 80 ಪೈಸೆ. ಪೂರ್ಣ ಪಣದ ಮೇಲೆ ಶೇ. 28ರಂತೆ ಹಾಕಿದರೆ 28 ರೂಪಾಯಿ. ಆನ್‌ಲೈನ್ ಆಟಗಳಿಗೆ ಈ ಎರಡನೆಯ ಕ್ರಮ 2023ರ ಅಕ್ಟೋಬರ್‌ನಿಂದ ಜಾರಿಗೆ ಬಂತು. ಹಣ ಪಣವಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಮರುತಿಂಗಳ 22ರಿಂದ ಲಾಟರಿ, ಕ್ಯಾಸಿನೊ, ಕುದುರೆ ಪಂದ್ಯಗಳ ಮೇಲಿನ ಜಿ.ಎಸ್.ಟಿ. ಶೇ. 40ಕ್ಕೆ ಏರಿತು.

ದರ ಏರಿದ್ದು ಸ್ವಾಗತಾರ್ಹ. ಆದರೂ ನಮ್ಮದೊಂದು ಆತಂಕವಿದೆ. ತೆರಿಗೆ ಕಟ್ಟುವವನು ಜೂಜಿನ ಒಡೆಯನಾದರೂ ಹಣ ತೆರುವವನು ಸೋತವನೇ. ಆ ಸೋಲಿನಲ್ಲಿ ಪಾಲು ಪಡೆದು ರೂಢಿಯಾದ ಸರಕಾರಕ್ಕೆ ಜೂಜನ್ನು ನಿಲ್ಲಿಸುವ ಮನಸ್ಸು ಬಾರದು. ಕಾಯಬೇಕಾದ ಬೇಲಿಯೇ ಎದ್ದು ಹೊಲ ಮೇಯ್ದಂತಾದೀತು. ಇನ್ನು ಹಳ್ಳಿಗಳ ಓ.ಸಿ., ಮಟ್ಕಾ, ಇಸ್ಪೀಟು ಅಡ್ಡೆಗಳಿಗೆ ಯಾವ ತೆರಿಗೆಯೂ ತಟ್ಟದು. ಅಲ್ಲಿ ಬೇಕಾದುದು ಪೊಲೀಸರ ನಿಷ್ಪಕ್ಷಪಾತ ಕ್ರಮ.

ಅದೃಷ್ಟದ ಆಟ ತನ್ನಷ್ಟಕ್ಕೆ ಅನ್ಯಾಯವಲ್ಲ, ಆದರೆ ತನ್ನ ಮತ್ತು ತನ್ನವರ ಅಗತ್ಯದ ಅನ್ನವನ್ನು ಅದು ಕಸಿದಾಗ ಸಲ್ಲದು ಎಂಬುದು ಧರ್ಮಸಭೆಯ ಬೋಧನೆ. ಹಬ್ಬದ ದಿನ ಚರ್ಚಿನ ಆವರಣದಲ್ಲಿ ಹೌಸಿ, ಲಕ್ಕಿ ಡಿಪ್ ನಡೆಸುವವರೂ ಈ ಮಿತಿಯನ್ನು ನೆನೆಯಬೇಕು.

ಬೊಕ್ಕಸ ಬರಿದಾಯಿತೆಂಬ ನೆಪದಲ್ಲಿ ಯಾವ ಸರಕಾರವೂ ಲಾಟರಿಯನ್ನು ಕರ್ನಾಟಕಕ್ಕೆ ಮರಳಿ ತರಬಾರದು. ಜೂಜಿನಿಂದ ಬಂದ ತೆರಿಗೆಯ ಒಂದು ಪಾಲು ಜೂಜಿಗೆ ಬಲಿಯಾದವರ ಚಿಕಿತ್ಸೆಗೆ, ಅವರ ಮಕ್ಕಳ ಓದಿಗೆ ಮೀಸಲಾಗಲಿ. ನಾವು ಕೂಡ ನೆರೆಮನೆಯ ಸಾಲ, ಮೌನಗಳನ್ನು ಕಂಡೂ ಕಾಣದಂತಿರದೆ ಸಕಾಲದಲ್ಲಿ ಕೈಹಿಡಿಯೋಣ.