ಬಂದವರಿಗೂ ಹೋದವರಿಗೂ ಒಂದೇ ಅಳತೆ

'ಅಕ್ರಮ ವಲಸಿಗರು' ಎಂಬ ಮಾತು ಇತ್ತೀಚಿನ ವರ್ಷಗಳಲ್ಲಿ ಪತ್ರಿಕೆಗಳಲ್ಲಿಯೂ ಸಭೆಗಳಲ್ಲಿಯೂ ಮೇಲಿಂದ ಮೇಲೆ ಕೇಳಿಬರುತ್ತಿದೆ. ಇದು ದೆಹಲಿ, ಮುಂಬಯಿ, ಬೆಂಗಳೂರುಗಳ ಸಮಸ್ಯೆ. ಕೊಪ್ಪಳ ಸೀಮೆಯವರಾದ ನಮಗೂ ಇದಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ಉಂಟು. ವಲಸೆ ಬಂದವರ ಬೆವರಿನಿಂದ ಹಸಿರಾದ ಹೊಲಗಳೂ ವಲಸೆ ಹೋದವರಿಂದ ಬರಿದಾದ ಮನೆಗಳೂ ಒಂದೇ ಜಿಲ್ಲೆಯಲ್ಲಿರುವ ನಾಡು ನಮ್ಮದು. ಆದ್ದರಿಂದ ಈ ವಿಷಯದಲ್ಲಿ ನ್ಯಾಯವಾಗಿ ಆಲೋಚಿಸುವ ಹೊಣೆ ನಮ್ಮ ಮೇಲೆ ಹೆಚ್ಚಾಗಿಯೇ ಇದೆ.

ಮೊದಲು ಬಂದವರ ಮಾತು. 1945ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡಿತು. ಮುನಿರಾಬಾದಿನಿಂದ ಹೊರಟು 227 ಕಿ.ಮೀ. ಸಾಗುವ ಎಡದಂಡೆ ಕಾಲುವೆ ಗಂಗಾವತಿಯ ಬೆದ್ದಲು ಭೂಮಿಗೆ ನೀರು ತಂದಿತು. ಆದರೆ ಜೋಳ ಸಜ್ಜೆಗಳನ್ನು ಬೆಳೆದು ಗೊತ್ತಿದ್ದ ನಮ್ಮ ರೈತರಿಗೆ ನೀರಾವರಿಯ ಒಕ್ಕಲುತನ ಹೊಸದಾಗಿತ್ತು. ಭೂಮಿ ಮಟ್ಟ ಮಾಡಲು ಕೈಯಲ್ಲಿ ಹಣವೂ ಇರಲಿಲ್ಲ. ಆ ಹೊತ್ತಿಗೆ ಕೃಷ್ಣಾ, ಗೋದಾವರಿ, ಗುಂಟೂರು ಸೀಮೆಗಳ ಕುಟುಂಬಗಳು ತಮ್ಮ ಊರಿನ ತುಂಡು ಭೂಮಿ ಮಾರಿ, ಇಲ್ಲಿ ಅಗ್ಗದ ಬೆಲೆಗೆ ಹೆಚ್ಚು ಎಕರೆ ಕೊಂಡು, ಹೊಲಗಳ ನಡುವೆಯೇ ಗುಡಿಸಲು ಹಾಕಿ ನೆಲೆಸಿದವು. ನಾವು 'ಕ್ಯಾಂಪು'ಗಳೆಂದು ಕರೆಯುವ ಊರುಗಳು ಹುಟ್ಟಿದ್ದು ಹೀಗೆ. ಶ್ರೀರಾಮನಗರ ಅಂತಹ ಒಂದು ಊರು. ಗಂಗಾವತಿಗೆ 'ಭತ್ತದ ಕಣಜ' ಎಂಬ ಹೆಸರು ಬಂದುದರಲ್ಲಿ, ಸೋನಾ ಮಸೂರಿ ಅಕ್ಕಿ ದೂರದ ಪೇಟೆಗಳಿಗೆ ಹೋಗುವಂತಾದುದರಲ್ಲಿ ಈ ಕುಟುಂಬಗಳ ಪಾಲು ದೊಡ್ಡದು.

ಈ ಕಥೆಗೆ ಇನ್ನೊಂದು ಮುಖವೂ ಇದೆ. ಅಂದು ಅಲ್ಪ ಬೆಲೆಗೆ ಭೂಮಿ ಮಾರಿದ ಎಷ್ಟೋ ಸ್ಥಳೀಯರು ಅದೇ ಭೂಮಿಯಲ್ಲಿ ಕೂಲಿಗಳಾದರು. ಅರೆ ನೀರಾವರಿ ಬೆಳೆಗಳಿಗೆಂದು ಯೋಜಿಸಿದ ಕಾಲುವೆಯ ಮೇಲ್ಭಾಗದಲ್ಲೆಲ್ಲ ಭತ್ತ ಹಬ್ಬಿ, ಕೊನೆಭಾಗದ ರೈತ ನೀರಿಗಾಗಿ ಕಾಯುವಂತಾಯಿತು. ಆದರೆ ಭತ್ತದ ದಾರಿ ಹಿಡಿದವರು ಬಂದವರು ಮಾತ್ರವಲ್ಲ, ಇದ್ದವರೂ ಹಿಡಿದರು. ನೀರಿನ ಹಂಚಿಕೆ ಸರ್ಕಾರದ ಕೆಲಸ. ಅದರ ಲೋಪವನ್ನು ನೆರೆಯವನ ತಲೆಗೆ ಕಟ್ಟುವುದು ಸರಿಯಲ್ಲ.

ಇವರು ರಾಜ್ಯದ ಗಡಿ ದಾಟಿದವರು. ದೇಶದ ಗಡಿಯನ್ನೇ ದಾಟಿ ಬಂದವರೂ ನಮ್ಮ ನೆರೆಯಲ್ಲಿದ್ದಾರೆ. ಪೂರ್ವ ಪಾಕಿಸ್ತಾನದಿಂದ, ಅಂದರೆ ಇಂದಿನ ಬಾಂಗ್ಲಾದೇಶದಿಂದ, ಜೀವ ಉಳಿಸಿಕೊಂಡು ಬಂದ ಬಂಗಾಳಿ ಹಿಂದೂ ಕುಟುಂಬಗಳಿಗೂ ಬರ್ಮಾದಿಂದ ಹೊರಬಿದ್ದವರಿಗೂ 1970ರ ದಶಕದಲ್ಲಿ ಸರ್ಕಾರವೇ ಸಿಂಧನೂರಿನ ಬಳಿ ಪುನರ್ವಸತಿ ಕಲ್ಪಿಸಿತು. ಜನ ಆ ಊರುಗಳನ್ನು ಇಂದಿಗೂ 'ಆರ್.ಎಚ್. ಕ್ಯಾಂಪು' ಎನ್ನುತ್ತಾರೆ. ಕುಟುಂಬಕ್ಕೆ ಐದು ಎಕರೆಯಂತೆ ಜಮೀನು ದೊರೆಯಿತು. ಅವರು ಉತ್ತರು, ಬಿತ್ತರು, ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸಿದರು. ಆದರೆ ಭೂಮಿ ಕೊಟ್ಟ ಸರ್ಕಾರದಿಂದ ಪೌರತ್ವ ಪಡೆಯಲು ಅವರಲ್ಲಿ ಅನೇಕರು ಅರ್ಧ ಶತಮಾನ ಕಾಯಬೇಕಾಯಿತು. 2019ರ ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು 2024ರ ಮಾರ್ಚ್‌ನಲ್ಲಿ ಪ್ರಕಟವಾದ ಮೇಲೆ, ಅದೇ ಆಗಸ್ಟ್‌ನಲ್ಲಿ ಕೆಲವರಿಗೆ ಪ್ರಮಾಣಪತ್ರ ದೊರೆಯಿತು. ಈ ಕಾಯ್ದೆ ಕ್ರೈಸ್ತರನ್ನೂ ಒಳಗೊಂಡಿದೆ, ಮುಸ್ಲಿಮರನ್ನು ಹೊರಗಿಟ್ಟಿದೆ. ನಮಗೆ ಅನುಕೂಲವಾಗಿದೆ ಎಂದು ನಾವು ಸುಮ್ಮನಿರಲಾಗದು. ಸಂಕಟಕ್ಕೆ ಮತಭೇದವಿಲ್ಲ ಎಂಬುದೇ ನಮ್ಮ ನಿಲುವು.

ಕಾನೂನು ಒಂದೇ ಮನೆಯ ಮಕ್ಕಳನ್ನು ಹೇಗೆ ಬೇರ್ಪಡಿಸುತ್ತದೆ ನೋಡಿ. 1955ರ ಪೌರತ್ವ ಕಾಯ್ದೆಯಂತೆ 1987ರ ಜುಲೈ 1ಕ್ಕೆ ಮೊದಲು ಈ ನೆಲದಲ್ಲಿ ಹುಟ್ಟಿದ ಮಗು, ತಂದೆತಾಯಿ ನಿರಾಶ್ರಿತರಾಗಿದ್ದರೂ, ಹುಟ್ಟಿನಿಂದಲೇ ಭಾರತೀಯ. ಅನಂತರ ಹುಟ್ಟಿದ ಮಗುವಿಗೆ ತಂದೆತಾಯಿಗಳಲ್ಲಿ ಒಬ್ಬರಾದರೂ ಪೌರರಾಗಿರಬೇಕು. 2004ರ ಡಿಸೆಂಬರ್ 3ರಿಂದೀಚೆಗಾದರೋ, ಒಬ್ಬರು ಪೌರರಾಗಿದ್ದು ಇನ್ನೊಬ್ಬರು 'ಅಕ್ರಮ ವಲಸಿಗ'ರೆನಿಸಿದರೂ ಮಗುವಿಗೆ ಹುಟ್ಟಿನ ಪೌರತ್ವವಿಲ್ಲ. ಅಣ್ಣ ಪೌರ, ತಮ್ಮ ಪರದೇಶಿ. ತಮ್ಮ ಮಾಡಿದ ಅಪರಾಧವಾದರೂ ಏನು? ತಡವಾಗಿ ಹುಟ್ಟಿದ್ದು!

ಇಲ್ಲಿ ನಾವು ಒಂದು ವಿವೇಚನೆ ಮಾಡಬೇಕಾಗಿದೆ. ಕ್ರಮ, ಅಕ್ರಮ ಎಂಬವು ಕೃತ್ಯಕ್ಕೆ ಹೇಳುವ ಮಾತುಗಳು. ಅವು ಮನುಷ್ಯನ ಸ್ವರೂಪವನ್ನು ಹೇಳುವುದಿಲ್ಲ. ಪರವಾನಗಿಯಿಲ್ಲದೆ ಗಡಿ ದಾಟುವುದು ಅಕ್ರಮವಿರಬಹುದು; ಸುಳ್ಳು ದಾಖಲೆ ಮಾಡಿಸುವುದು ನಿಶ್ಚಯವಾಗಿ ಅಕ್ರಮ. ಗಡಿ ಕಾಯುವ, ಬಂದವರನ್ನು ವಿಚಾರಿಸುವ ಹಕ್ಕು ರಾಜ್ಯಕ್ಕಿದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕೃತ್ಯದ ಹೆಸರನ್ನು ಮನುಷ್ಯನ ಹೆಸರಾಗಿ ಮಾಡಿ, ಅವನ ಭಾಷೆಗೂ ಉಡುಪಿಗೂ ಕೊನೆಗೆ ಅವನ ಮಕ್ಕಳಿಗೂ ಅದನ್ನೇ ಅಂಟಿಸಿದಾಗ ವಿಚಾರಣೆ ನಿಂತು ದ್ವೇಷ ಆರಂಭವಾಗುತ್ತದೆ. ಮಹಾರಾಷ್ಟ್ರದಲ್ಲಿ ದುಡಿಯುತ್ತಿದ್ದ ಪಶ್ಚಿಮ ಬಂಗಾಳದ ಕೆಲವು ಕೂಲಿಕಾರರನ್ನು 2025ರ ಜೂನ್‌ನಲ್ಲಿ ಬಾಂಗ್ಲಾದೇಶದ ಗಡಿಯಾಚೆ ತಳ್ಳಿ, ಭಾರತೀಯರೆಂದು ಖಚಿತವಾದ ಮೇಲೆ ಮರಳಿ ಕರೆತರಲಾಯಿತು. ವಿಚಾರಣೆಗೆ ಮೊದಲೇ ತೀರ್ಪು ಕೊಟ್ಟರೆ ಆಗುವ ಅನಾಹುತ ಇದು.

ಈಗ ಹೋದವರ ಮಾತು. ತುಂಗಭದ್ರೆಯ ಕಾಲುವೆಯನ್ನು ಕಾಣದ ಕುಷ್ಟಗಿ, ಯಲಬುರ್ಗಾ ಭಾಗಗಳಿಂದ ಮಳೆ ಕೈಕೊಟ್ಟ ವರ್ಷಗಳಲ್ಲಿ ಸಂಸಾರ ಸಂಸಾರಗಳೇ ಗುಳೆ ಹೋಗುತ್ತವೆ. ಮಂಗಳೂರಿನ ಮನೆಗಳ ಗೋಡೆ, ಬೆಂಗಳೂರಿನ ಬಹುಮಹಡಿ ಕಟ್ಟಡ, ಗೋವಾದ ರಸ್ತೆ, ಇವುಗಳಲ್ಲಿ ನಮ್ಮವರ ರಟ್ಟೆಯ ಬಲವಿದೆ. ಅಲ್ಲಿ ಅವರೇ 'ಹೊರಗಿನವರು'. 2004ರಲ್ಲಿ ಗೋವಾದ ಬೈನಾ ಕಡಲತೀರದ ಗುಡಿಸಲುಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಕನ್ನಡಿಗರು ಅನೇಕರಿದ್ದರು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಗಂಟುಮೂಟೆ ಹೊತ್ತು ಊರ ದಾರಿ ಹಿಡಿದವರಲ್ಲಿಯೂ ನಮ್ಮವರಿದ್ದರು. ಅವರನ್ನು ಯಾರಾದರೂ ಹೀನಾಯವಾಗಿ ಕಂಡರೆ ನಮ್ಮ ಕರುಳು ಚುರುಕ್ ಎನ್ನುತ್ತದೆ. ಹಾಗಾದರೆ ನಮ್ಮ ಊರಿಗೆ ದುಡಿಯಲು ಬಂದ ಬಿಹಾರದ, ಒಡಿಶಾದ, ಬಂಗಾಳದ ಹುಡುಗನನ್ನು ನಾವು ಹೇಗೆ ಕಾಣುತ್ತಿದ್ದೇವೆ? ಕೊಡುವಾಗ ಒಂದು ಸೇರು, ಕೊಳ್ಳುವಾಗ ಇನ್ನೊಂದು ಸೇರು ಇಟ್ಟುಕೊಂಡ ವ್ಯಾಪಾರಿಯನ್ನು ನಾವು ಮೋಸಗಾರನೆನ್ನುತ್ತೇವೆ. ಮನುಷ್ಯರ ವಿಷಯದಲ್ಲಿಯೂ ಅಳತೆ ಒಂದೇ ಇರಬೇಕು.

ಅನುಕಂಪ ಮಾತ್ರ ಸಾಲದು, ಮಾಡಬೇಕಾದ ಕೆಲಸಗಳಿವೆ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲಾ ಪ್ರವೇಶ, ಮತದಾರರ ಪಟ್ಟಿ, ಪಾಸ್‌ಪೋರ್ಟ್ ಮೊದಲಾದವುಗಳಿಗೆ ಹುಟ್ಟಿದ ದಿನಾಂಕದ ಆಧಾರವಾಗಿ ಜನನ ಪ್ರಮಾಣಪತ್ರವೊಂದೇ ನಡೆಯುತ್ತದೆ. ಗುಳೆ ಹೋದ ತಾಯಿ ಕೆಲಸದ ಜಾಗದಲ್ಲಿಯೇ ಹೆತ್ತರೆ, 21 ದಿನಗಳೊಳಗೆ ಅಲ್ಲಿಯೇ ಜನನ ನೋಂದಣಿ ಮಾಡಿಸಬೇಕೆಂದು ಅವಳಿಗೆ ಹೇಳುವವರು ಯಾರು? ಕಾಗದವಿಲ್ಲದ ಆ ಮಗು ನಾಳೆ ತನ್ನ ದೇಶದಲ್ಲಿಯೇ ಸಂಶಯಕ್ಕೆ ಗುರಿಯಾಗಬಹುದು. ಗುಳೆ ಹೊರಡುವ ಕುಟುಂಬಗಳಿಗೆ ನಮ್ಮ ಧರ್ಮಕೇಂದ್ರಗಳ ಯುವಕರೂ ಮಹಿಳೆಯರೂ ಈ ಮಾತನ್ನು ಮುಟ್ಟಿಸಲಿ. ಮಗುವಿಗೆ ಜ್ಞಾನಸ್ನಾನ ಮಾಡಿಸಲು ಬರುವವರನ್ನು, ಜನನ ನೋಂದಣಿ ಆಯಿತೇ ಎಂದು ಗುರುಗಳೂ ಕೇಳಲಿ.

ಹೊರಗಿನಿಂದ ಆಳು ತಂದು ದುಡಿಸುವ ಗಿರಣಿ ಮಾಲೀಕರೂ ಗುತ್ತಿಗೆದಾರರೂ ಅವರ ಹೆಸರನ್ನು ದಾಖಲಿಸಿ, ಪೂರ್ತಿ ಕೂಲಿ ಕೊಡಲಿ. ಕಾಗದವಿಲ್ಲದವನ ಭಯವೇ ಅಗ್ಗದ ಕೂಲಿಗೆ ದಾರಿ ಎಂದು ಎಣಿಸುವವನೂ ಅಕ್ರಮದಲ್ಲಿ ಪಾಲುಗಾರನೇ. ಅಧಿಕಾರಿಗಳು ವಿಚಾರಿಸಲಿ, ಆದರೆ ಹೇಳಿಕೊಳ್ಳಲು ಅವಕಾಶ ಕೊಟ್ಟು ವಿಚಾರಿಸಲಿ. ಉಳಿದ ನಾವು, ಇಂದು ಉಣ್ಣುವ ಗಂಗಾವತಿಯ ಅನ್ನದಲ್ಲಿ ಬಂದವರ ದುಡಿಮೆಯೂ ಬೆರೆತಿದೆ ಎಂಬುದನ್ನು ಮರೆಯದೆ, ನಮ್ಮ ಓಣಿಗೆ ಹೊಸದಾಗಿ ಬಂದವನ ಹೆಸರನ್ನಾದರೂ ಕೇಳಿ ತಿಳಿಯೋಣ.