ಪಾಸ್ಕದ ಪ್ಯಾಟೀಸು ಮನೆಯಲ್ಲೇ ಬೇಯಲಿ

ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸ ವರ್ಜಿಸುವ ನಮ್ಮ ಮಂಗಳೂರಿನ ಕಥೋಲಿಕ ಮನೆಗಳಲ್ಲಿ, ಬಾಲ್ಯದಲ್ಲಿ ಸವಿದ ಪಾಸ್ಕ ಹಬ್ಬದ ಖೀಮಾ ಪ್ಯಾಟೀಸಿನ ರುಚಿ ಮರೆಯುವಂಥದಲ್ಲ. ಈರುಳ್ಳಿ, ಶುಂಠಿ, ಹಸಿಮೆಣಸು, ಚಕ್ಕೆ, ಲವಂಗಗಳೊಡನೆ ಖೀಮಾವನ್ನು ನೀರಿಂಗುವವರೆಗೆ ಹುರಿದು, ತುಸು ವಿನೆಗರ್ ಚಿಮುಕಿಸಿ, ಪೂರ್ತಿ ಆರಿದ ಮೇಲೆಯೇ ಮೈದಾ ಹಾಳೆಯಲ್ಲಿ ತುಂಬುತ್ತಿದ್ದರು. ಬಿಸಿಯಿದ್ದರೆ ತುಪ್ಪ ಕರಗಿ ಪದರಗಳು ಅಂಟಿಕೊಳ್ಳುತ್ತವೆ. ಕ್ರಿಸ್‌ಮಸ್ ನೆವ್ರಿಯ ಅಂಚು ಕತ್ತರಿಸುವ ಹಲ್ಲಿನ ಚಕ್ರವೇ ಇದಕ್ಕೂ ಸಾಕಾಗುತ್ತಿತ್ತು.

ಇಂದು ಅದರ ಸ್ಥಾನಕ್ಕೆ ಬೇಕರಿಯ ಪೆಟ್ಟಿಗೆ ಬಂದಿದೆ. ಬೇಕರಿಯನ್ನು ದೂರುವುದು ನಮಗೆ ಸರಿತೋರದು. ಜಾಗರಣೆಯ ಬಲಿಪೂಜೆಯಿಂದ ತಡರಾತ್ರಿ ಮರಳಿದ ತಾಯಿಯೊಬ್ಬಳೇ ಹಿಟ್ಟು ಲಟ್ಟಿಸಬೇಕೆಂದರೆ, ಆಕೆ ಪೆಟ್ಟಿಗೆ ತರಿಸದೆ ಇನ್ನೇನು ಮಾಡಿಯಾಳು? ಬಾಲ್ಯದ ರುಚಿಯನ್ನು ಹೊಗಳುವ ಗಂಡಸರು ಪವಿತ್ರ ಶನಿವಾರದ ಮಧ್ಯಾಹ್ನವೇ ಈರುಳ್ಳಿ ಹೆಚ್ಚಲಿ, ಮಕ್ಕಳು ಅಂಚು ಒತ್ತಲಿ. ಅಜ್ಜಿಯರ ಕೈಯಳತೆ ಯಾವ ಪುಸ್ತಕದಲ್ಲೂ ಇಲ್ಲ. ಅವರು ಪಕ್ಕದಲ್ಲಿ ಕುಳಿತು ಹೇಳುತ್ತಿರುವಾಗಲೇ ಅದನ್ನು ಕಲಿಯಬೇಕು.