ಗೋಕರ್ಣ ರಶ್ ಇದ್ರೆ ಸೂಳೆಕೆರೆಗೆ ಬನ್ನಿ

ಲಾಂಗ್ ವೀಕೆಂಡ್ ಬಂತು ಅಂದ್ರೆ ನಮ್ಮ ಆಫೀಸ್ ವಾಟ್ಸಾಪ್ ಗ್ರೂಪಲ್ಲಿ ಗೋಕರ್ಣ, ಗೋವಾದ್ದೇ ಮಾತು. ನಾನು ಮಾತ್ರ ಕೆರೆಬಿಳಚಿ ಪಕ್ಕದ ಸೂಳೆಕೆರೆ ಹೆಸರು ಹೇಳ್ತೀನಿ. ಶಾಂತಿಸಾಗರ ಅಂತಲೂ ಕರೀತಾರೆ. ಎರಡು ಗುಡ್ಡಗಳ ನಡುವೆ ಶತಮಾನಗಳ ಹಿಂದೆ ಕಟ್ಟಿದ ಪುಟ್ಟ ಏರಿ. ಅದರ ಹಿಂದೆ ಕಣ್ಣು ಹಾಯಿಸಿದಷ್ಟೂ ನೀರು. ಸಂಜೆ ಏರಿ ಮೇಲೆ ನಡೀರಿ, ಗಾಳಿಗೆ ಅಲೆ ಏಳೋದು ನೋಡಿ, ಸಿದ್ಧೇಶ್ವರನಿಗೆ ಕೈಮುಗೀರಿ. ಮರುದಿನ ಸಂತೇಬೆನ್ನೂರಿನ ಪುಷ್ಕರಣಿ ನೋಡ್ಕೊಂಡು ಊರಿಗೆ ಹೊರಡಿ.

ಬೀಚಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಇದು ಚನ್ನಗಿರಿ, ಚಿತ್ರದುರ್ಗದ ಮನೆಗಳಿಗೆ ಕುಡಿಯೋ ನೀರು. ನಾಲೆ ಕೆಳಗಿನ ಗದ್ದೆ, ತೋಟಗಳಿಗೆ ಜೀವ. ನೀವು ದಡದಲ್ಲಿ ಬಿಟ್ಟ ಚಿಪ್ಸ್ ಪ್ಯಾಕೆಟ್, ಬಾಟಲಿ ಯಾರದೋ ಬಿಂದಿಗೆಯ ನೀರಿಗೇ ಸೇರೋದು. ಬ್ಯಾಗಲ್ಲೇ ವಾಪಸ್ ಒಯ್ಯಿರಿ.